ಕೊನೇ ಪೀರಿಯಡ್ಡಿನ ಕನ್ನಡ

ಬೃಂದಾ ತನ್ನ ಹದಿನೆಂಟು ವರ್ಷ ಹಳೆಯ ಅಂಕಪಟ್ಟಿಯನ್ನು ಕಾಫಿ ಲೋಟದ ಪಕ್ಕ ಇಟ್ಟಾಗ ವಿಶಾಲಾಕ್ಷಿಯವರು ಮೊದಲು ನೋಡಿದ್ದು ಕನ್ನಡದ ಸಾಲನ್ನು. ನೂರಕ್ಕೆ ಎಪ್ಪತ್ತೊಂದು. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಬಿ.ಎಸ್ಸಿ. ಹುಡುಗರಿಗೆ ಕನ್ನಡ ಹೇಳಿ ನಿವೃತ್ತರಾಗಿ, ಈಗ ಲಂಡನ್ನಿನ ರೇನರ್ಸ್ ಲೇನಿನಲ್ಲಿ ಮಗನ ಮನೆಯಲ್ಲಿದ್ದ ಆ ಅತ್ತೆಗೆ ಸೊಸೆಯ ಮೇಲೆ ಹೊಸದೊಂದು ಗೌರವ ಹುಟ್ಟಿತು. ಅದು ಹೆಚ್ಚು ಹೊತ್ತು ಬಾಳಲಿಲ್ಲ.

ವಿಷಯ ಇಷ್ಟೇ. ಮದುವೆಯಾಗಿ ಲಂಡನ್ನಿಗೆ ಬರುವಾಗ ಎರಡನೇ ವರ್ಷಕ್ಕೇ ನಿಂತುಹೋದ ಡಿಗ್ರಿಯನ್ನು ಬೃಂದಾ ಇಲ್ಲಿಯ ಕಾಲೇಜೊಂದರಲ್ಲಿ ಮುಂದುವರಿಸಬೇಕೆಂದಿದ್ದಳು. ಡಿಗ್ರಿಯಿಲ್ಲದೆ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳು ಎಷ್ಟು ವರ್ಷ ದುಡಿದರೂ ಸಹಾಯಕಿಯೇ. ಅವಳ ಕೆಮಿಸ್ಟ್ರಿ, ಬಾಟನಿಯನ್ನೆಲ್ಲ ಕಾಲೇಜಿನವರು ಒಪ್ಪಿದ್ದರು. ಆದರೆ ಬೇರೆ ಕಡೆಯಿಂದ ಬಂದವರೂ ಸಾಮಾನ್ಯ ಶಿಕ್ಷಣವೆಂದು ವಿಜ್ಞಾನದ ಹೊರಗಿನ ಒಂದು ವಿಷಯ ಓದಿರಬೇಕು. ಕನ್ನಡವಾದರೂ ನಡೆದೀತು, ಏನು ಓದಿದ್ದು ಎಂಬ ವಿವರ ಬರೆಸಿ ತರಬೇಕು, ಅದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಇಲ್ಲದಿದ್ದರೆ ವರ್ಷವಿಡೀ ಗುರುವಾರ ಮಧ್ಯಾಹ್ನ ಕ್ಲಾಸು. ಗುರುವಾರ ಅವಳ ಶಿಫ್ಟು, ಅದನ್ನು ಬದಲಾಯಿಸಲಾಗದೆಂದು ಲ್ಯಾಬಿನವರು ಹೇಳಿಯಾಗಿತ್ತು. ಅಲ್ಲಿಗೆ ಡಿಗ್ರಿಯ ಆಸೆಯೂ ಮುಗಿದ ಹಾಗೆ. ಹಳೆಯ ಪಠ್ಯ ಊರಿನ ಕಾಲೇಜಿನವರಿಗೇ ಸಿಕ್ಕಿರಲಿಲ್ಲ. ಆದರೆ ವಿಶ್ವವಿದ್ಯಾಲಯ ಒಂದೇ, ಅದನ್ನು ಬಾಯಿಪಾಠ ಬಲ್ಲವರು ಮನೆಯಲ್ಲೇ ಇದ್ದರು.

"ಬರ್ಕೊಡ್ತೀನಿ, ಅದಕ್ಕೇನಂತೆ" ಎಂದರು ವಿಶಾಲಾಕ್ಷಿಯವರು. "ಯಾವ ಪಾಠ ನೆನಪಿದೆ ಹೇಳು, ಅಲ್ಲಿಂದ ಶುರು ಮಾಡ್ತೀನಿ."

ಬೃಂದಾ ಅಂಕಪಟ್ಟಿಯ ಮಡಿಕೆಯನ್ನು ಬೆರಳಲ್ಲಿ ಸವರಿದಳು. "ಅತ್ತೆ, ನಿಜ ಹೇಳ್ಬಿಡ್ತೀನಿ. ಆ ಕ್ಲಾಸಿಗೆ ನಾನು ಹೋಗೇ ಇಲ್ಲ. ಕೊನೇ ಪೀರಿಯಡ್ ಇರ್ತಿತ್ತು. ಮಾಳವಿಕಾ ಅಂತ ಫ್ರೆಂಡು, ಅವಳೇ ನಂದೂ ಪ್ರೆಸೆಂಟ್ ಹೇಳ್ಬಿಡ್ತಿದ್ಲು."

"ಮತ್ತೆ ಎಪ್ಪತ್ತೊಂದು?"

"ಗೈಡು."

ವಿಶಾಲಾಕ್ಷಿಯವರು ಕಾಫಿ ಮುಗಿಸಿದರು. ಫಸ್ಟ್ ಕ್ಲಾಸಿನ ಲೆಕ್ಕಕ್ಕೆ ಸೇರದ ವಿಷಯ ಅದು, ಹುಡುಗರನ್ನೂ ದೂರುವಂತಿಲ್ಲ. ಅವರ ಹಾಜರಿ ಪುಸ್ತಕದಲ್ಲಿ ತೊಂಬತ್ತು ಮಂದಿ ಇದ್ದರೆ ಕಣ್ಣೆದುರು ಇರುತ್ತಿದ್ದವರು ಹನ್ನೊಂದು. ಉಳಿದ ಎಪ್ಪತ್ತೊಂಬತ್ತು ಮಂದಿಯನ್ನು ಅವರು ದನಿಯಿಂದಷ್ಟೇ ಬಲ್ಲರು, ಅದೂ ಬೇರೆಯವರ ದನಿ. ಅಂಥವರ ಪೈಕಿಯ ಒಬ್ಬಳು ಇಷ್ಟು ದಿನ ತಮಗೆ ಕಾಫಿ ಮಾಡಿಕೊಡುತ್ತಿದ್ದಳೆಂದು ಈಗ ತಿಳಿಯಿತು.

"ಓದದೇ ಇರೋದನ್ನ ಓದಿದಾಳೆ ಅಂತ ನಾನು ಬರ್ಕೊಡಲ್ಲ ಕಣಮ್ಮ."

"ಸರಿ ಅತ್ತೆ" ಎಂದು ಬೃಂದಾ ಲೋಟ ತೊಳೆಯಲು ಹೋದಳು. ಒಂದು ಲೋಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಲ್ಲಿ ಸುರಿಯಿತು. ಅದು ನಿಂತ ಮೇಲೆ ವಿಶಾಲಾಕ್ಷಿಯವರು, ಮಾತಾಡಲು ಕರೆದಿರುವುದು ಯಾವತ್ತು ಎಂದು ಕೇಳಿದರು. ಇನ್ನು ಮೂರು ವಾರ ಇತ್ತು.

"ನಾಳೆ ಆರು ಗಂಟೆಗೆ ಬಾ. ನೋಟ್‌ಬುಕ್ ತಗೊಂಡು."

ಊಟದ ಮೇಜೇ ಕ್ಲಾಸಾಯಿತು. ದಿನಸಿ ಅಂಗಡಿಯವರು ದೀಪಾವಳಿಗೆ ಕೊಟ್ಟ ಡೈರಿ ಹಾಜರಿ ಪುಸ್ತಕವಾಯಿತು. ಇದ್ದ ಒಬ್ಬಳೇ ವಿದ್ಯಾರ್ಥಿನಿಯನ್ನು ಹಳೆಯ ರೋಲ್ ನಂಬರಿನಿಂದ ಕೂಗಿ, ಉತ್ತರ ಬಂದ ಮೇಲೆಯೇ ಪಾಠ. ಒಂದು ಸಂಜೆ ಟ್ಯೂಬ್ ರೈಲು ಎಲ್ಲೋ ನಿಂತು ಬೃಂದಾ ಹೊತ್ತಿಗೆ ಬರಲಿಲ್ಲ. ವಿಶಾಲಾಕ್ಷಿಯವರು ಸರಿಯಾಗಿ ಆರಕ್ಕೆ "ಅರವತ್ತೇಳು" ಎಂದರು. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಮಗ ಋಷಿಕೇಶ್ ದನಿ ಸಣ್ಣ ಮಾಡಿ "ಪ್ರೆಸೆಂಟ್ ಮೇಡಂ" ಎಂದ.

"ಮೂವತ್ತೊಂದು ವರ್ಷ ಕೇಳಿದೀನಿ ಕಣೋ ಈ ದನೀನ" ಎಂದು ಅವರು ತಲೆ ಎತ್ತದೆ ಗೈರು ಹಾಕಿದರು. ಇಪ್ಪತ್ತು ನಿಮಿಷ ತಡವಾಗಿ ಬಂದ ಬೃಂದಾ ಕೋಟು ಕೂಡ ತೆಗೆಯದೆ ಬಾಗಿಲಲ್ಲೇ ನಿಂತು ಒಳಗೆ ಬರಬಹುದೇ ಎಂದು ಕೇಳಿದಳು. ಬರಗೊಟ್ಟರು, ಗೈರು ಗೈರಾಗಿಯೇ ಉಳಿಯಿತು.

ಹಳಗನ್ನಡಕ್ಕೆ ಬೃಂದಾ ಆಕಳಿಸಿದಳು, ವಚನಗಳನ್ನು ಸಹಿಸಿದಳು. ಹಿಟ್ಟಿನ ಗಿರಣಿಯ ಮುಂದೆ ಸರದಿಗೆ ಕಾದು ನಿಂತ ಹೆಂಗಸರ ಬಗ್ಗೆ ಒಂದು ಪ್ರಬಂಧವಿತ್ತು, ಅದು ಬಂದಾಗ ಪೆನ್ನು ಕೆಳಗಿಟ್ಟಳು. "ಅತ್ತೆ, ಪಾಠದ ಕೊನೇಲಿ ಒಬ್ಬಳು ತನ್ನ ಸರದಿ ಬಂದಾಗ ಹಿಂದಿನವಳಿಗೆ ಬಿಟ್ಕೊಟ್ಲಲ್ಲ, ಅವಳಿಗೆ ಮನೆಗೆ ಹೋಗೋಕೇ ಇಷ್ಟ ಇರ್ಲಿಲ್ವಾ?"

ವಿಶಾಲಾಕ್ಷಿಯವರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆ ಪಾಠಕ್ಕೆ ಇಷ್ಟು ವರ್ಷ ಬಂದಿದ್ದ ಪ್ರಶ್ನೆ ಒಂದೇ: ಇದು ಪರೀಕ್ಷೆಗೆ ಬರತ್ತಾ ಮೇಡಂ?

ಕಾಲೇಜಿಗೆ ಮಾತಾಡಲು ಹೊರಡುವ ದಿನ ಪತ್ರ ಸಿದ್ಧವಾಗಿತ್ತು. ಪಠ್ಯದ ವಿವರದ ಕೆಳಗೆ, ಈಕೆ ಇದನ್ನು ಅಂದು ಓದಿರಲಿಲ್ಲ, ಈಗ ನನ್ನ ಬಳಿ ಓದಿದ್ದಾಳೆ; ಹದಿನೇಳು ದಿನ ಹಾಜರು, ಒಂದು ದಿನ ಗೈರು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದರು. ಇದನ್ನು ತೋರಿಸಿದರೆ ಕೆಲಸ ಕೆಟ್ಟಿತೆಂದೇ ಬೃಂದಾಗೆ ಅನಿಸಿತು. ಆದರೂ ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಅಲ್ಲಿಯ ಅಧ್ಯಾಪಕರು ಪತ್ರವನ್ನು ಎರಡು ಸಲ ಓದಿ, ಆ ಒಂದು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಿದರಂತೆ. ಆಮೇಲೆ ಗಿರಣಿಯ ಮಾತು ಶುರುವಾಗಿ ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತಂತೆ. ಗುರುವಾರದ ಕ್ಲಾಸು ಬೇಕಿಲ್ಲವೆಂದು ನಾಲ್ಕನೇ ದಿನ ಮೇಲ್ ಬಂತು.

ಅವತ್ತು ವಿಶಾಲಾಕ್ಷಿಯವರು ಡೈರಿಯನ್ನು ಡ್ರಾಯರಿನಲ್ಲಿಟ್ಟು ಟೀವಿಯ ಮುಂದೆ ಕೂತರು. ಎರಡು ಪಾಠ ಉಳಿದೇ ಹೋಗಿದ್ದವು. ಕಾಲೇಜಿನಲ್ಲೂ ಪ್ರತಿ ವರ್ಷ ಅವೇ ಉಳಿಯುತ್ತಿದ್ದವು. ಆರು ಹೊಡೆಯುವ ಹೊತ್ತಿಗೆ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಬೃಂದಾ ನೋಟ್‌ಬುಕ್ ಬಿಡಿಸಿಕೊಂಡು ಮೇಜಿಗೆ ಕೂತಿದ್ದಳು.

"ಆಯ್ತಲ್ಲೇ ನಿನ್ನ ಕೆಲಸ. ಇನ್ನೇನು ಬೇಕು?"

ಬೃಂದಾ ಡ್ರಾಯರಿನ ಕಡೆ ನೋಡಿ, "ಮೇಡಂ, ಅಟೆಂಡೆನ್ಸ್" ಎಂದಳು.