ಬಾ ಎನ್ನುವ ಕಾಗದ

ಓಣಿಯ ಮೂವತ್ತೇಳು ಮನೆಗಳಿಂದ ಫಕೀರಪ್ಪನಿಗೆ ‘ಬಾ’ ಎಂಬ ಕಾಗದ ಹೋಗಿಯಾಗಿತ್ತು. ನೀಲವ್ವನ ಮನೆಯದೊಂದೇ ಬಾಕಿ. ಅದು ತಲುಪದೆ ಜೈಲಿನ ಬಾಗಿಲು ತೆರೆಯುವಂತಿರಲಿಲ್ಲ. ಈಗ ಎಲ್ಲ ಊರುಗಳಲ್ಲೂ ಹಾಗೆಯೇ, ಓಣಿಯ ಪ್ರತಿ ಮನೆಯೂ ಕರೆದರೆ ಮಾತ್ರ ಕೈದಿಗೆ ಬಿಡುಗಡೆ.

“ನಾವೇನೋ ಬರದ್ವಿ. ನೀ ಮಾತ್ರ ಬರೀಬ್ಯಾಡ ಯಕ್ಕಾ,” ಎಂದಳು ಪಕ್ಕದ ಮನೆಯ ಕಸ್ತೂರಿ. “ನಿನ್ನ ಮಗನ್ನ ಕೊಂದಾಂವ ಸುಧಾರಸ್ತಾನೇನು?”

ನೀಲವ್ವ ಹೂಂಗುಟ್ಟಿದಳು. ತನ್ನ ಸಿಟ್ಟು ಇಳಿದು ಎಷ್ಟೋ ವರ್ಷವಾಯಿತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಕೊಂದವನು ತಿಂಗಳಿಗೊಮ್ಮೆ ಸತ್ತವನ ಮನೆಗೆ ಕಾಗದ ಬರೆಯಬೇಕು, ಅದರಲ್ಲಿ ಸತ್ತವನ ನೆನಪೊಂದಿರಬೇಕು ಎಂಬುದು ಕಾಯಿದೆ. ಜಗಳದಲ್ಲಿ ಕೈ ಎತ್ತುವ ಮುಂಚೆ ಫಕೀರಪ್ಪ ಆರು ವರ್ಷ ಅವಳ ಶೇಖಪ್ಪನ ಜೊತೆ ಒಂದೇ ಗ್ಯಾರೇಜಿನಲ್ಲಿ ದುಡಿದವನು. ಶೇಖಪ್ಪ ಲಾರಿಯಡಿ ಮಲಗಿ ಹಾಡುತ್ತಿದ್ದದ್ದು, ಅವ್ವನಿಗೆ ಹಸಿರು ಸೀರೆ ತರಬೇಕೆಂದಿದ್ದದ್ದು, ಎಲ್ಲ ಅವಳಿಗೆ ಗೊತ್ತಾದದ್ದು ಆ ಕಾಗದಗಳಿಂದಲೇ. ಫಕೀರಪ್ಪ ಹೊರಬಂದರೆ ಕಾಗದ ನಿಲ್ಲುತ್ತದೆ. ಮಗ ಇನ್ನೊಮ್ಮೆ ಹೋಗಿಬಿಡುತ್ತಾನೆ.

ಕಸ್ತೂರಿ ಹೋದ ಮೇಲೆ ಈ ತಿಂಗಳ ಕಾಗದ ಒಡೆದಳು.

“ಅವ್ವಾರ, ಶೇಖಪ್ಪಗ ಬದನಿಕಾಯಿ ಪಲ್ಯ ಅಂದ್ರ ಜೀವ. ನನ್ನ ಬುತ್ತ್ಯಾಗಿಂದೂ ಕಸಗೊಂಡು ತಿಂತಿದ್ದ.”

ಬದನೆಕಾಯಿ ಕಂಡರೆ ತಾಟು ಬಿಟ್ಟು ಏಳುತ್ತಿದ್ದ ಹುಡುಗ ಅವನು!

ನೀಲವ್ವ ಆ ಸಾಲನ್ನು ಮತ್ತೊಮ್ಮೆ ಓದಿದಳು. ಫಕೀರಪ್ಪನಲ್ಲಿದ್ದ ನೆನಪೆಲ್ಲ ತೀರಿಹೋಗಿತ್ತು. ಆದರೂ ಅವಳು ದಾರಿ ಕಾಯುತ್ತಾಳೆಂದು ಇಲ್ಲದ್ದನ್ನು ಕಟ್ಟಿ ಬರೆದಿದ್ದ.

ಅವಳು ಪೆನ್ನು ಹುಡುಕಿ ತಂದಳು.

“ಫಕೀರಪ್ಪಾ, ನನ್ನ ಮಗ ಬದನಿಕಾಯಿ ಮುಟ್ಟತಿದ್ದಿಲ್ಲ. ಬಾ. ಇನ್ನ ನಾ ಹೇಳ್ತೀನಿ, ನೀ ಕೇಳು.”