ಈಟಿಗಾರನ ಪಾಲು

ಈಟಿ ಎತ್ತಿ ದೋಣಿಯ ಮುಂತುದಿಯಲ್ಲಿ ನಿಂತಿದ್ದ ಗೋರಿಸ್‌ನ ಎದುರಿಗೇ, ಆಕಾಶದಿಂದ ಫ್ಲೋರೆಸ್ ಕಡಲಿಗೆ ಬಿದ್ದಿದ್ದ ಆ ಜೀವಿ ತೇಲಿಬಂದು ನಿಂತಿತು.

“ಹೊಡಿಯೋ ಅಳಿಯ! ತಿಮಿಂಗಿಲಕ್ಕೆ ಹೆದರದೋನು ಇದಕ್ಕೆ ಬೆವರ್ತಿದೀಯಲ್ಲೋ,” ಎಂದು ಚುಕ್ಕಾಣಿ ಹಿಡಿದಿದ್ದ ಮಾವ ಕೊಪೊಂಗ್ ಕೆಣಕಿದ.

“ಓಡ್ತಾ ಇಲ್ವಲ್ಲ ಮಾವ, ಅದೇ ಅನುಮಾನ. ವಾರದಿಂದ ನಾವು ದಡದಲ್ಲಿ ಬೇಟೆ ಹಂಚ್ಕೊಳ್ಳೋದನ್ನೇ ನೋಡ್ತಿದೆ.”

ಜೀವಿ ತನ್ನದೇ ಒಂದು ತೋಳನ್ನು ಕಿತ್ತು, ದೋಣಿಯಲ್ಲಿದ್ದ ಒಬ್ಬೊಬ್ಬರ ಮುಂದೂ ಒಂದೊಂದು ತುಂಡು ಇಟ್ಟಿತು. ಈಟಿಗಾರನಿಗೆ ಸಲ್ಲುವ ದೊಡ್ಡ ತುಂಡನ್ನು ಗೋರಿಸ್‌ನ ಕಾಲ ಬಳಿಯೇ ಇಟ್ಟಿತು.

“ವಿಷ ಇರುತ್ತೆ ಕಣೋ! ಹೊಡಿ!” ಮಾವ ಕೂಗಿದ.

ಪಾಲು ಕೊಟ್ಟವರು ನೆಂಟರು, ನೆಂಟರ ಮೇಲೆ ಈಟಿ ಎಸೆಯುವಂತಿಲ್ಲ ಎಂಬುದು ಊರಿನ ಕಟ್ಟಳೆ. ಇದು ಅದನ್ನೂ ಕಲಿತೇ ಬಂದಿದೆಯೇ? ಗೋರಿಸ್ ಈಟಿ ಇಳಿಸಿದ. ಪಾಲನ್ನು ಮಾತ್ರ ಮುಟ್ಟಲಿಲ್ಲ.