ಉಪ್ಪರಿಗೆ ಮನೆಯ ಅರ್ಜಿ

ಮುನಸಿಪಾಲಿಟಿಯ ಜವಾನ ಮಂಜ ಬಾಗಿಲಿಗೆ ಅಂಟು ಬಳಿದು ನೋಟೀಸು ಒತ್ತತೊಡಗಿದಾಗ ರಾಜೀವಿ ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಎಂತ ಅದ್ ಮಂಜ?"

"ಮನೆ ಕೆಡಗುಕೆ ಅಕ್ಕ. ರಸ್ತೆ ಅಗಲ ಮಾಡ್ತ್ರ್ ಅಂಬ್ರ್."

"ಯಾವಾಗ?"

"ಮಳೆ ಹಿಡುಕೆ ಮುಂಚೆ."

"ಯಾರೂ ತಪ್ಪಿಸುಕೆ ಬತ್ತಿಲ್ಯಾ?"

ಮಂಜ ತಲೆ ತಗ್ಗಿಸಿದ. "ಯಾರ್ ತಪ್ಪಿಸ್ತ್ರ್ ಅಕ್ಕ?"

ಅವಳು ಎದ್ದು ಅವನಿಗೆ ನೀರು, ಬೆಲ್ಲ ತಂದುಕೊಟ್ಟಳು. ಮನೆ ಕೆಡಹುವ ಕಾಗದ ತಂದವನಿಗೆ ಬೆಲ್ಲ. ಪಾಪ, ಹೆಂಗಸಿಗೆ ದಿಕ್ಕೇ ತೋಚಿಲ್ಲ ಎಂದು ಮಂಜ ಕಚೇರಿಯಲ್ಲಿ ಹೇಳಿದ.

ಅದು ಅರವತ್ತೆಂಟನೆಯ ಇಸವಿ. ಕುಂದಾಪುರದ ಪೇಟೆಯಲ್ಲಿ ಹಂಚಿನ ಮಾಡುಗಳ ನಡುವೆ ಸಿಮೆಂಟಿನ ಅಂಗಡಿಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ಬಸ್ಸುಗಳು ಹೆಚ್ಚಿ ರಸ್ತೆ ಸಾಲದಾಗಿತ್ತು. ರಸ್ತೆಗೆ ಅಡ್ಡವಾಗಿ ಮೂತಿ ಚಾಚಿ ನಿಂತದ್ದು ಈ ಮನೆಯೊಂದೇ. ಹಾಯಿಯ ಮಂಜಿ ದೋಣಿಗಳಲ್ಲಿ ಅಕ್ಕಿ ಸಾಗಿಸುತ್ತಿದ್ದ ಕಾಲದಲ್ಲಿ ರಾಜೀವಿಯ ಗಂಡ ಶೀನನ ಮುತ್ತಜ್ಜ ಕಟ್ಟಿಸಿದ ಉಪ್ಪರಿಗೆ ಮನೆ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಕಂಬಗಳು, ಗಿಳಿ ಕೆತ್ತಿದ ಮರದ ತೊಲೆಗಳು. ಈಗ ಅಲ್ಲಿ ವಾಸವಿದ್ದವಳು ರಾಜೀವಿ ಒಬ್ಬಳೇ. ಶೀನ ಬೊಂಬಾಯಿಯ ಹೋಟೆಲು ಸೇರಿ ಹದಿನಾಲ್ಕು ವರ್ಷವಾಗಿತ್ತು. ಒಂದು ಕಾಗದವೂ ಬಂದಿರಲಿಲ್ಲ.

ನೋಟೀಸು ನೋಡಿ ಮೊದಲು ಎದ್ದು ನಿಂತವರು ನಿವೃತ್ತರಾದ ಚಂದಯ್ಯ ಮಾಸ್ತರರು. ಅವರಿಗೆ ಆ ಮನೆಯೆಂದರೆ ಪ್ರಾಣ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆತಂದು, ಮೊಳೆಯೇ ಇಲ್ಲದೆ ತೊಲೆ ಕೂಡಿಸಿದ ಬಗೆಯನ್ನು ತೋರಿಸುತ್ತಿದ್ದರು. ಮನೆ ಮನೆ ತಿರುಗಿ ಸಹಿ ಕೂಡಿಸಿದರು. ಆದರೆ ಹಳೆಯ ಮರಕ್ಕಾಗಿ ಸರಕಾರ ರಸ್ತೆ ಬಿಟ್ಟುಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ರಾಜೀವಿಯ ಕಥೆ ಬರೆದರು. ಪತ್ರಿಕೆಗೂ ಅದನ್ನೇ ಕಳಿಸಿದರು.

ಬರೆಯುವುದಕ್ಕೆ ಬೇಕಾದಷ್ಟಿತ್ತು. ಬೊಂಬಾಯಿಯವರು ಹುಬ್ಬಳ್ಳಿಯಲ್ಲಿ ರೈಲಿಳಿದು ಹತ್ತಿ ಬರುವ ಬಸ್ಸು ಸಂಜೆ ನಿಲ್ಲುವುದು ಅವಳ ಮನೆಯೆದುರಿಗೇ. ಹದಿನಾಲ್ಕು ವರ್ಷ ಒಂದು ದಿನವೂ ಬಿಡದೆ ಅವಳು ಹೊಲಿಗೆ ನಿಲ್ಲಿಸಿ, ಕಿಟಕಿಯ ಮರೆಯಲ್ಲಿ ನಿಂತು, ಇಳಿಯುವವರನ್ನು ಕೊನೆಯವನವರೆಗೆ ನೋಡುತ್ತಿದ್ದಳು. ಮಹಡಿಯಲ್ಲಿ ಗಂಡ ಮಲಗುತ್ತಿದ್ದ ಕೋಣೆಗೆ ಅವಳು ಮತ್ತೆ ಕಾಲಿಟ್ಟದ್ದಿಲ್ಲ. ಅವನು ಬಿಟ್ಟುಹೋದ ಹಾಗೆಯೇ ಇತ್ತು. ಅವನು ಊರು ಬಿಟ್ಟ ವಾರ ಅವಳು ಏಣಿಯಿಂದ ಬಿದ್ದಳಂತೆ. ಅಂದಿನಿಂದ ಎಡಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಆ ಕೈಯಲ್ಲೇ ಹೊಲಿದು ಹೊಟ್ಟೆ ಹೊರೆದಳು.

"ಈ ಮನೆ ಬಿದ್ರೆ ಶೀನ ಬಂದ್ ಎಲ್ಲಿ ಹುಡ್ಕತ್ತ?" ಎಂದು ಮಾಸ್ತರರು ಅರ್ಜಿಯನ್ನು ಅವಳ ಮುಂದಿಟ್ಟರು. ಹಿಂದೆ ಬೀದಿಯ ಹತ್ತು ಜನ ನಿಂತಿದ್ದರು. ಅವಳು ಅರ್ಜಿ ಓದಲಿಲ್ಲ. ಸಹಿ ಹಾಕಿದಳು. ಬೆರಳು ತನ್ನದಲ್ಲವೇನೋ ಎಂಬಂತೆ ಅದು ಕಾಗದದ ಮೇಲೆ ಓಡಿದ್ದನ್ನು ನೋಡಿದಳು, ಅಷ್ಟೆ.

ರವಿಕೆ ಹೊಲಿಸಲು ಬರುತ್ತಿದ್ದ ಮೀನಿನ ಜಲಜ ಹೇಳಿದಳು: "ಮನೆ ಹೋದ್ರೆ ಹಂಗಾರಕಟ್ಟೆಗ್ ಬಾ ಅಕ್ಕ. ನಮ್ಮನೆ ಬದಿಗೆ ಒಂದ್ ಕೋಣೆ ಇತ್ತ್."

"ಮನೆ ಹೋದ್ರೆ ಬತ್ತೆ," ಎಂದಳು ರಾಜೀವಿ. "ಮನೆ ಉಳ್ದ್ರೆ ಎಂತ ಹೇಳಿ ಬಪ್ಪುದ್?"

ಏಪ್ರಿಲಿನಲ್ಲಿ ಅಸಿಸ್ಟೆಂಟ್ ಕಮಿಷನರರ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಮಾಸ್ತರರು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ಅಧಿಕಾರಿ ಅವಳತ್ತ ತಿರುಗಿದರು. "ನೀವು ಹೇಳುವುದೇನಾದರೂ ಇದೆಯೇ ಅಮ್ಮ?"

"ನಂಗೆ ಬೇರೆ ಕಡೆಗೆ ಹೋಪುಕೆ ಅಡ್ಡಿ ಇಲ್ಲೆ," ಎಂದಳು ಅವಳು.

ಹಿಂದಿನ ಬೆಂಚಿನಲ್ಲಿ ಯಾರೋ ಮೂಗೊರಸಿಕೊಂಡರು. ತನಗಾಗಿ ಏನನ್ನೂ ಕೇಳದ ಹೆಂಗಸು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಎರಡು ವಾರದಲ್ಲಿ ಆದೇಶ ಬಂತು: ರಸ್ತೆ ಎಂಟು ಅಡಿ ಬಳಸಿ ಹೋಗಲಿ, ಕಟ್ಟಡ ಉಳಿಯಲಿ.

ಬೀದಿಯಲ್ಲಿ ಲಾಡು ಹಂಚಿದರು. ರಾಜೀವಿಯ ಕೈಗೂ ಒಂದು ಕೊಟ್ಟರು. ಅವಳು ಅದನ್ನು ಹಿಡಿದುಕೊಂಡೇ ಕೂತಿದ್ದಳು. ಸಂತೋಷವೂ ಇಲ್ಲ, ದುಃಖವೂ ಇಲ್ಲ. ಲಾಡಿನ ತುಪ್ಪ ಅಂಗೈಗೆ ಇಳಿಯಿತು.

ಮೇ ತಿಂಗಳ ಒಂದು ಬುಧವಾರ ಮಾಸ್ತರರು ಏದುಸಿರು ಬಿಡುತ್ತ ಬಂದರು. ಅವರ ಲೇಖನವೂ ಆದೇಶದ ಸುದ್ದಿಯೂ ಬಂದ ಪತ್ರಿಕೆಗಳು ಕೈಯಿಂದ ಕೈಗೆ ಬೊಂಬಾಯಿಯ ಹೋಟೆಲೊಂದರವರೆಗೆ ಹೋಗಿದ್ದವು. ಶೀನ ಮಾಸ್ತರರಿಗೇ ಕಾಗದ ಬರೆದಿದ್ದ. ಮನೆ ಉಳಿದದ್ದು ತಿಳಿಯಿತು, ಅವಳು ಅಲ್ಲೇ ಇರುವುದೂ ತಿಳಿಯಿತು, ಶುಕ್ರವಾರ ಬರುತ್ತೇನೆ ಎಂದಿತ್ತು.

"ನಿನ್ ತಪಸ್ಸ್ ಫಲ ಕೊಟ್ಟಿತ್ ಕಾಣ್," ಎಂದರು ಮಾಸ್ತರರು. ಅವರ ಕಣ್ಣು ತುಂಬಿತ್ತು.

"ಶುಕ್ರವಾರವಾ?" ಎಂದು ಅವಳು ಕೇಳಿದಳು. ಎರಡು ಸಲ ಕೇಳಿದಳು. ಆಮೇಲೆ ಕೈಯಲ್ಲಿದ್ದ ರವಿಕೆಯ ತೋಳು ಹೊಲಿದು ಮುಗಿಸಿದಳು.

ಗುರುವಾರ ಬೆಳಿಗ್ಗೆ ಪೇಪರು ತರಲು ಹೊರಟ ಮಾಸ್ತರರು ಬ್ರಹ್ಮಾವರದ ಬಸ್ಸಿನ ಬಳಿ ಅವಳನ್ನು ಕಂಡರು. ಬಸ್ಸಿನ ಮೇಲೆ ಹೊಲಿಗೆ ಮಿಷನ್ನನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಪಕ್ಕದಲ್ಲಿ ಜಲಜ ಗಂಟು ಹಿಡಿದು ನಿಂತಿದ್ದಳು. ರಾಜೀವಿ ಹತ್ತಿರ ಬಂದು ಮನೆಯ ಬೀಗದ ಕೈಯನ್ನು ಮಾಸ್ತರರ ಅಂಗೈಯಲ್ಲಿಟ್ಟಳು.

"ನಾನ್ ಎಲ್ಲಿಗ್ ಹೋದೆ ಅಂದೇಳಿ ಅವ್ರಿಗ್ ಹೇಳ್ಬೇಡಿ."

ಮಾಸ್ತರರಿಗೆ ಅರ್ಥವಾಗಲಿಲ್ಲ. "ಎಂತ ಹೇಳ್ತೆ ರಾಜೀವಿ? ಹದ್ನಾಕ್ ವರ್ಷ ದಿನಾ ಕಿಟ್ಕಿ ಹತ್ರ ನಿಂತ್ ಕಾದವ್ಳಲ್ದಾ ನೀನ್?"

ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದಳು.

"ಕಾದದ್ದಲ್ಲ ಮಾಸ್ಟ್ರೇ, ಕಾವಲ್ ಕೂತದ್ದ್. ಆ ಮನ್ಷ ಇಳ್ದ್ರೆ ಹಿಂದಿನ್ ಬಾಗ್ಲಂಗೆ ಓಡುಕೆ."